ಮಿಯಾಟಾಗೆ ಹಿಂದೆ ಮಾತ್ರ ಅಗಲದ ಟೈರ್ ಹಾಕಬಹುದಾ?

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇನೆ. ಕಾರು 2019ರ ಮಾಜ್ಡಾ ಎಂಎಕ್ಸ್-5, ಅಂದರೆ ಮಿಯಾಟಾ. ನಾಲ್ಕೂ ಕಡೆ 205/45 ಆರ್17 ಟೈರ್ (ಅಗಲ 205 ಮಿ.ಮೀ., ಪಕ್ಕದ ಗೋಡೆ ಅದರ ಶೇ. 45, ರಿಮ್ 17 ಇಂಚು). ಹಿಂದಿನವೆರಡು ಬೋಳಾಗಿವೆ. ಅಲ್ಲಿಗೆ 225/45 ಹಾಕಲಾ? ನೋಡೋಕೆ ಗತ್ತಾಗಿರುತ್ತದೆ, ಸುಳ್ಳು ಯಾಕೆ ಹೇಳಲಿ!

ಉತ್ತರ 1: ಬೇಡ ಸರ್. ಹಿಂದೆ ಮಾತ್ರ ಹಿಡಿತ ಜಾಸ್ತಿಯಾದರೆ ತಿರುವಿನಲ್ಲಿ ಮೂತಿ ಹೊರಗೆ ಎಳೆಯುತ್ತದೆ. ನನ್ನ ಹಳೇ ಕಾರಿನಲ್ಲಿ ಮಾಡಿ ನೋಡಿದ್ದೆ. ಸ್ಟೀರಿಂಗ್ ತಿರುಗಿಸಿದರೂ ಕಾರು ಒಲ್ಲದ ಮನಸ್ಸಿನಿಂದ ಬರುತ್ತಿತ್ತು. ಮೇಲಾಗಿ 225/45ರ ಒಟ್ಟು ಎತ್ತರವೂ 18 ಮಿ.ಮೀ. ಜಾಸ್ತಿ. ಮುಂದಿನದು ಹಿಂದೆ, ಹಿಂದಿನದು ಮುಂದೆ ಅಂತ ಬದಲಿಸೋಕೂ ಆಗುವುದಿಲ್ಲ.

ಉತ್ತರ 2: ಹಳೇ ಪೋರ್ಷೆ ಬಾಕ್ಸ್‌ಸ್ಟರ್‌ಗೆ ಮುಂದೆ 205, ಹಿಂದೆ 255 ಇರುತ್ತಿತ್ತು, ಅಲ್ವಾ?

ಉತ್ತರ 1: ಅದರ ಎಂಜಿನ್ ಸೀಟಿನ ಹಿಂದೆ ಇದೆ, ಭಾರವೂ ಅಲ್ಲೇ ಜಾಸ್ತಿ. ಮಿಯಾಟಾದ್ದು ಹೆಚ್ಚುಕಡಿಮೆ ಅರ್ಧರ್ಧ.

ಕೇಳಿದವರು: ಸರಿ, ನಾಲ್ಕೂ 205 ಆರ್ಡರ್ ಮಾಡಿದೆ. ಹೆಂಡತಿಗೆ ಎರಡೇ ಅಂತ ಹೇಳಿದ್ದೆ.