ಸಣ್ಣ ಕ್ಲಿನಿಕ್‌ನ ಕಾಗದಪತ್ರದ ಹೊರೆ: ಯಾವುದನ್ನು ಕೈಬಿಡಬಹುದು?

ಪ್ರಶ್ನೆ (ಕುಟುಂಬ ವೈದ್ಯ, ಕಲಬುರಗಿ):

ಎಲ್ಲರಿಗೂ ಶರಣು. ಸೂಪರ್ ಮಾರ್ಕೆಟ್ ಹತ್ತಿರ ಹಾಸಿಗೆಗಳಿಲ್ಲದ ಸಣ್ಣ ಕ್ಲಿನಿಕ್ ನಡೆಸುತ್ತಿದ್ದೇನೆ. ಸಹಾಯಕ್ಕಿರುವವರು ಒಬ್ಬ ಕಂಪೌಂಡರ್ ಮಾತ್ರ. ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ, ಜೈವಿಕ ವೈದ್ಯಕೀಯ ತ್ಯಾಜ್ಯದ ದಿನವಹಿ, ಜೂನ್ 30ರೊಳಗೆ ಸಲ್ಲಿಸಬೇಕಾದ ಅದರ ವಾರ್ಷಿಕ ವರದಿ, ಕ್ಷಯರೋಗಿಗಳ ವಿವರವನ್ನು ನಿಕ್ಷಯ್ ಪೋರ್ಟಲ್‌ಗೆ ಸೇರಿಸುವುದು, ಇವೆಲ್ಲ ಕಾನೂನಿನ ಕೆಲಸಗಳು. ಅವುಗಳ ಬಗ್ಗೆ ನನ್ನ ತಕರಾರಿಲ್ಲ.

ತಕರಾರಿರುವುದು ಯಾವ ಕಾನೂನೂ ಕೇಳದ ಚೀಟಿಗಳ ಬಗ್ಗೆ. ಎರಡು ದಿನ ಜ್ವರ ಬಂದ ಮಗುವಿಗೆ ಶಾಲೆಯವರು ಸರ್ಟಿಫಿಕೇಟ್ ಕೇಳುತ್ತಾರೆ. ಭೇದಿಯಾಗಿ ಒಂದು ದಿನ ಮನೆಯಲ್ಲಿ ಉಳಿದ ಅಂಗಡಿ ನೌಕರನಿಗೆ ಮಾಲೀಕರು ಚೀಟಿ ತರಲು ಹೇಳುತ್ತಾರೆ. ವಿಮೆಯ ನಮೂನೆಯಲ್ಲಿ ಡಿಸ್ಚಾರ್ಜ್ ಕಾಗದದಲ್ಲಿ ಈಗಾಗಲೇ ಇರುವುದನ್ನೇ ಮತ್ತೊಮ್ಮೆ ನಕಲು ಮಾಡಬೇಕಾಗುತ್ತದೆ. ಜ್ವರ ಬಿಟ್ಟು ಆಟವಾಡುತ್ತಿರುವ ಮಗುವನ್ನು ತಂದು ಕೂರಿಸಿ ‘ಹೋದ ಸೋಮವಾರದಿಂದ ಬರೆದುಕೊಡಿ’ ಎಂದರೆ ನಾನು ಏನನ್ನು ಪರೀಕ್ಷಿಸಿ ಬರೆಯಲಿ? ಅಷ್ಟರಲ್ಲಿ ಹೊರಗೆ ಬೆಂಚಿನ ಮೇಲೆ ನಿಜವಾದ ರೋಗಿಗಳು ಕಾಯುತ್ತಿರುತ್ತಾರೆ. ಈ ಹೊರೆಯನ್ನು ಇಳಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ 1 (ವೈದ್ಯಾಧಿಕಾರಿ, ಶಹಾಪುರ ತಾಲ್ಲೂಕು):

ಸರ್, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಮ್ಮ ಕಷ್ಟದ ರೂಪ ಬೇರೆ. ಇಲ್ಲಿ ಒಂದೇ ಡೆಂಗಿ ಶಂಕಿತ ಪ್ರಕರಣ ಹೊರರೋಗಿ ರಿಜಿಸ್ಟರಿನಲ್ಲಿ, ಪ್ರಯೋಗಾಲಯದ ರಿಜಿಸ್ಟರಿನಲ್ಲಿ, ರೋಗಗಳ ಮೇಲೆ ನಿಗಾ ಇಡುವ ಸರ್ಕಾರಿ ಪೋರ್ಟಲ್ ಐಎಚ್‌ಐಪಿಯ ‘ಪಿ’ (ಶಂಕಿತ ಪ್ರಕರಣ) ಮತ್ತು ‘ಎಲ್’ (ಪ್ರಯೋಗಾಲಯ) ನಮೂನೆಗಳಲ್ಲಿ ದಾಖಲಾಗುತ್ತದೆ. ನೆಟ್‌ವರ್ಕ್ ಕೈಕೊಟ್ಟರೆ ಎಂಬ ಅಂಜಿಕೆಗೆ ಇನ್ನೊಂದು ಪ್ರತಿಯನ್ನೂ ಬರೆದಿಡುತ್ತೇವೆ. ಪೋರ್ಟಲ್ ಬಂದ ಮೇಲೆ ಪುಸ್ತಕ ಹೋಗಬೇಕಿತ್ತು. ಪುಸ್ತಕವೂ ಉಳಿಯಿತು, ಪೋರ್ಟಲ್ಲೂ ಸೇರಿತು.

ಆದರೂ ಎಲ್ಲ ಕಾಗದವನ್ನೂ ಹೊರೆಯೆಂದು ತಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮ ಭಾಗದಿಂದ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುವ ಕುಟುಂಬಗಳ ಬಸುರಿಯರು ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೀರೆಗಳ ನಡುವೆ ಇಟ್ಟುಕೊಂಡು ಊರಿಗೆ ಮರಳುತ್ತಾರೆ. ಹಿಮೋಗ್ಲೋಬಿನ್ ಎಷ್ಟಿತ್ತು, ಯಾವ ಚುಚ್ಚುಮದ್ದು ಆಗಿದೆ ಎಂಬುದನ್ನು ಆ ಕಾರ್ಡೇ ಹೇಳಬೇಕು. ಆರೋಗ್ಯ ದಾಖಲೆಗಳನ್ನು ಡಿಜಿಟಲ್ ಆಗಿ ಜೋಡಿಸುವ 14 ಅಂಕಿಗಳ ಆಭಾ ಸಂಖ್ಯೆ ಈ ಕೆಲಸ ಮಾಡಬಹುದು, ಆದರೆ ಅಲ್ಲಿಯ ಆಸ್ಪತ್ರೆಯೂ ಇಲ್ಲಿಯ ನಾವೂ ದಾಖಲೆಯನ್ನು ಅದಕ್ಕೆ ಜೋಡಿಸಿದ್ದರೆ ಮಾತ್ರ. ರೋಗಿಗೆ ಮುಂದೆ ಉಪಯೋಗಕ್ಕೆ ಬರುವ ಬರಹಕ್ಕೆ ಸಮಯ ಕೊಡೋಣ; ಇನ್ನೊಬ್ಬರ ಕಡತ ತುಂಬಿಸುವ ಬರಹಕ್ಕೆ ಕತ್ತರಿ ಹಾಕೋಣ.

ಉತ್ತರ 2 (ಮುಖ್ಯ ಶಿಕ್ಷಕ, ಭಾಲ್ಕಿ):

ಡಾಕ್ಟರ್ ಸಾಹೇಬರೇ, ಚೀಟಿ ಕೇಳುವವರ ಕಡೆಯಿಂದ ಒಂದು ಮಾತು. ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಶೇ 75 ಹಾಜರಾತಿ ಬೇಕು. ಕೊರತೆ ಬಿದ್ದಾಗ ವೈದ್ಯಕೀಯ ಪ್ರಮಾಣಪತ್ರವಿಲ್ಲದೆ ನಮ್ಮ ಮಾತು ನಡೆಯುವುದಿಲ್ಲ. ಆ ಅಗತ್ಯವೇ ಕ್ರಮೇಣ ಎಲ್ಲ ತರಗತಿಗಳಿಗೂ ಅಭ್ಯಾಸವಾಗಿ ಹರಡಿದೆ. ನಾಲ್ಕನೇ ತರಗತಿಯ ಮಗು ಎರಡು ದಿನ ಬಾರದಿದ್ದರೆ ತಾಯಿ-ತಂದೆಯ ಸಹಿ ಇರುವ ರಜಾ ಅರ್ಜಿ ಸಾಕು, ಮತ್ತು ನಮ್ಮ ಶಾಲೆಯಲ್ಲಿ ಅಷ್ಟನ್ನೇ ತೆಗೆದುಕೊಳ್ಳುತ್ತೇವೆ. ತಮ್ಮ ಓಣಿಯ ಶಾಲೆಗಳ ಮುಖ್ಯಸ್ಥರಿಗೆ ಒಂದು ಪತ್ರ ಬರೆದು ನೋಡಿ. ಅನೇಕರಿಗೆ ಇದು ವೈದ್ಯರಿಗೆ ತೊಂದರೆಯೆಂಬ ಕಲ್ಪನೆಯೇ ಇರುವುದಿಲ್ಲ.

ಉತ್ತರ 3 (ಕ್ಲಿನಿಕ್ ವ್ಯವಸ್ಥಾಪಕಿ, ಬೀದರ್):

ಮುಖ್ಯ ಶಿಕ್ಷಕರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಕೆನಡಾದ ನೋವಾ ಸ್ಕಾಷಿಯಾ ಪ್ರಾಂತ್ಯದಲ್ಲಿ 2023ರಿಂದ ಇದಕ್ಕೆಂದೇ ಕಾನೂನಿದೆ: ನೌಕರನ ಗೈರುಹಾಜರಿ ಐದು ಕೆಲಸದ ದಿನಗಳನ್ನು ಮೀರದಿದ್ದರೆ, ಹಿಂದಿನ ಹನ್ನೆರಡು ತಿಂಗಳಲ್ಲಿ ಅಂಥ ಎರಡು ರಜೆಗಳು ಆಗಿರದಿದ್ದರೆ, ಮಾಲೀಕರು ವೈದ್ಯರ ಚೀಟಿ ಕೇಳುವಂತಿಲ್ಲ. ಹೊರೆಯನ್ನು ಕಂಪ್ಯೂಟರಿಗೆ ಸಾಗಿಸುವ ಬದಲು ಬೇಡಿಕೆಯನ್ನೇ ತೆಗೆದುಹಾಕಿದ ಈ ಕ್ರಮ ನನಗೆ ಸರಿಯೆನಿಸುತ್ತದೆ.

ಇಲ್ಲಿಯೂ ಅಂಥ ಕ್ರಮ ಬರುವವರೆಗೆ ಕೊಡಲೇಬೇಕಾದ ಚೀಟಿಗಳಿಗೆ ನಮ್ಮಲ್ಲಿರುವ ಏರ್ಪಾಟು ಹೀಗಿದೆ. 2002ರ ವೈದ್ಯಕೀಯ ಮಂಡಳಿ ನಿಯಮಾವಳಿಯ ಪ್ರಕಾರ ಪ್ರಮಾಣಪತ್ರಗಳ ರಿಜಿಸ್ಟರ್ ಇಡಬೇಕು, ಪ್ರತಿ ಉಳಿಸಿಕೊಳ್ಳಬೇಕು, ರೋಗಿಯ ಸಹಿ ಅಥವಾ ಹೆಬ್ಬೆಟ್ಟು, ವಿಳಾಸ, ಒಂದು ಗುರುತಿನ ಚಿಹ್ನೆ ಇರಬೇಕು. ಆ ನಮೂನೆಯನ್ನೇ ಕ್ರಮಸಂಖ್ಯೆಯೊಂದಿಗೆ ಕಾರ್ಬನ್ ಪ್ರತಿಯ ಪುಸ್ತಕವಾಗಿ ಮುದ್ರಿಸಿಕೊಂಡಿದ್ದೇವೆ. ‘ಬಲಗೈ ಮೊಣಕೈ ಮೇಲೆ ಮಚ್ಚೆ’ ಎಂಬಲ್ಲಿಯವರೆಗೆ ನಾನು ತುಂಬಿಸುತ್ತೇನೆ. ರೋಗ, ದಿನಾಂಕ, ಸಹಿ ಮಾತ್ರ ಡಾಕ್ಟರರದು. ನೋಡದ ದಿನಗಳಿಗೆ ಅವರು ಬರೆಯುವುದಿಲ್ಲ, ಮತ್ತು ಆ ಮಾತನ್ನು ಗೋಡೆಯ ಮೇಲೆ ಕನ್ನಡ, ಉರ್ದು, ಮರಾಠಿಯಲ್ಲಿ ಹಾಕಿದ ಮೇಲೆ ವಾದ ಬಹಳ ಕಡಿಮೆಯಾಗಿದೆ. ಇನ್ನು ತ್ಯಾಜ್ಯದ ವಿಷಯ: ಹಾಸಿಗೆಗಳಿಲ್ಲದ ಕ್ಲಿನಿಕ್‌ಗೆ 2016ರ ನಿಯಮಗಳಡಿ ಅನುಮತಿಯನ್ನು ಒಮ್ಮೆ ಪಡೆದರೆ ಸಾಕು, ಯಾರಾದರೂ ನವೀಕರಣದ ಹೆಸರಿನಲ್ಲಿ ಓಡಾಡಿಸಿದರೆ ಮೊದಲು ನಿಯಮ ತೋರಿಸಲು ಕೇಳಿ.

ಪ್ರಶ್ನಿಸಿದವರು:

ಮೂವರಿಗೂ ಧನ್ಯವಾದಗಳು. ಕಾರ್ಬನ್ ಪುಸ್ತಕವನ್ನು ಈ ವಾರವೇ ಮುದ್ರಣಕ್ಕೆ ಕೊಡುತ್ತೇನೆ, ಶಾಲೆಗಳಿಗೆ ಪತ್ರವನ್ನೂ ಬರೆಯುತ್ತೇನೆ. ವಿಮೆಯ ನಮೂನೆಯ ಬಗ್ಗೆ ಮಾತ್ರ ಯಾರೂ ಬರೆದಿಲ್ಲ. ಡಿಸ್ಚಾರ್ಜ್ ಕಾಗದದ ನಕಲನ್ನು ಲಗತ್ತಿಸಿ ‘ಲಗತ್ತು ನೋಡಿ’ ಎಂದು ಬರೆದರೆ ಕಂಪನಿಗಳು ಒಪ್ಪುತ್ತವೆಯೇ, ಅನುಭವವಿದ್ದವರು ತಿಳಿಸಬೇಕು.