ಪೊಟ್ಟಣದ ಚಿತ್ರದ ಹಕ್ಕು ಯಾರದು? ಉದ್ದಿಮೆದಾರರ ಬಳಗದಲ್ಲಿ ವಕೀಲರೊಡನೆ ಪ್ರಶ್ನೋತ್ತರ

ನಿರ್ವಾಹಕರು: ಹಕ್ಕುಸ್ವಾಮ್ಯದ ವ್ಯಾಜ್ಯಗಳನ್ನು ನಡೆಸುವ ವಕೀಲರೊಬ್ಬರು ಇಂದು ಸಂಜೆ ಬಳಗದ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಕೇಳುವ ಮುನ್ನ ಈಗಾಗಲೇ ಬಂದಿರುವ ಉತ್ತರಗಳನ್ನು ಓದಿಕೊಳ್ಳಬೇಕೆಂದು ವಿನಂತಿ.

ಬೇಕರಿ ಮಾಲೀಕರು, ತುಮಕೂರು: ಮೇಡಂ, ನಮಸ್ಕಾರ. ಕೇಕಿನ ಡಬ್ಬಿಯ ಮೇಲಿನ ನಮ್ಮ ಚಿತ್ರವನ್ನು ನೋಂದಾಯಿಸದಿದ್ದರೆ ಹಕ್ಕುಸ್ವಾಮ್ಯ ಇರುವುದಿಲ್ಲವೇ?

ವಕೀಲರು: ನಮಸ್ಕಾರ. ಇರುತ್ತದೆ. ಸ್ವಂತ ಕೃತಿ ರಚನೆಯಾದಾಗಲೇ ಹಕ್ಕು ಹುಟ್ಟುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ನೋಂದಣಿ ಕಡ್ಡಾಯವಲ್ಲ. ಆದರೆ 48ನೇ ಸೆಕ್ಷನ್ ಪ್ರಕಾರ ನೋಂದಣಿಯ ನಮೂದು ಮೇಲ್ನೋಟದ ಸಾಕ್ಷ್ಯ, ಅಂದರೆ ತಪ್ಪೆಂದು ಸಾಬೀತಾಗುವವರೆಗೆ ಒಪ್ಪುವ ಸಾಕ್ಷ್ಯ, ಆಗುವುದರಿಂದ, ಕೋರ್ಟು ಹತ್ತಬೇಕಾದಾಗ ಅದು ಕೈಹಿಡಿಯುತ್ತದೆ. ಸರಕಿನ ಮೇಲೆ ಬಳಸುವ ಚಿತ್ರಕ್ಕೆ ಶುಲ್ಕ 2,000 ರೂಪಾಯಿ. ಜೊತೆಗೆ, ಅಂಥ ಗುರುತು ಬೇರೆಯವರ ಹೆಸರಿನಲ್ಲಿಲ್ಲ ಎಂಬ ಪ್ರಮಾಣಪತ್ರವನ್ನು ಟ್ರೇಡ್‌ಮಾರ್ಕ್ ರಿಜಿಸ್ಟ್ರಾರರಿಂದ ಪಡೆದು ಲಗತ್ತಿಸಬೇಕು.

ಹೋಟೆಲ್ ಮಾಲೀಕರು, ಮೈಸೂರು: ನಮ್ಮ ಹೋಟೆಲಿನಲ್ಲಿ ಹಳೆಯ ಚಿತ್ರಗೀತೆಗಳನ್ನು ಹಾಕುವುದಕ್ಕೆ ಪರವಾನಗಿ ಬೇಕೆಂದು ನೋಟಿಸು ಬಂದಿದೆ. ಏನು ಮಾಡಬೇಕು?

ಮಸಾಲೆ ಪುಡಿ ತಯಾರಕರು, ದಾವಣಗೆರೆ: ಮೇಡಂ, 2018ರಲ್ಲಿ ಕಲಾವಿದರೊಬ್ಬರಿಗೆ ಹಣ ಕೊಟ್ಟು ನಮ್ಮ ಸಾಂಬಾರು ಪುಡಿಯ ಪೊಟ್ಟಣಕ್ಕೆ ಚಿತ್ರ ಬರೆಸಿದ್ದೆವು. ಒರಳಿನ ಮುಂದೆ ಕುಳಿತ ಅಜ್ಜಿ, ಪಕ್ಕದಲ್ಲಿ ಬ್ಯಾಡಗಿ ಮೆಣಸಿನಕಾಯಿಯ ರಾಶಿ. ಕಳೆದ ವರ್ಷದಿಂದ ಇನ್ನೊಂದು ಕಂಪನಿಯ ಪೊಟ್ಟಣದ ಮೇಲೂ ಅದೇ ಅಜ್ಜಿ ಕುಳಿತಿದ್ದಾಳೆ. ಸೀರೆಯ ಬಣ್ಣ ಮಾತ್ರ ಬೇರೆ. ಮುರಿದ ಒಂದು ಮೆಣಸಿನಕಾಯಿಯಿಂದ ಉದುರಿದ ಬೀಜಗಳು ಕೂಡ ಅದೇ ಜಾಗದಲ್ಲಿವೆ. ಆ ಕಲಾವಿದರೇ ಅವರಿಗೂ ಮಾರಿದ್ದಾರೆಂದು ತಿಳಿದುಬಂದಿದೆ. ಸೋಮವಾರ ಪೊಲೀಸರಿಗೆ ದೂರು ಕೊಡುವವರಿದ್ದೇವೆ. ಇಬ್ಬರಿಗೂ ಜೈಲು ಶಿಕ್ಷೆ ಆಗುತ್ತದೆಯೇ?

ವಕೀಲರು: ದಯವಿಟ್ಟು ದೂರು ಕೊಡಬೇಡಿ, ಸದ್ಯಕ್ಕೆ ನಿಲ್ಲಿಸಿ. ಕಲಾವಿದರು ಬರವಣಿಗೆಯಲ್ಲಿ ಏನಾದರೂ ಕೊಟ್ಟಿದ್ದಾರೆಯೇ? ಚಿತ್ರವನ್ನು ಕೈಯಲ್ಲಿ ಬರೆದರೇ, ಕಂಪ್ಯೂಟರಿನಲ್ಲಿ ಮಾಡಿದರೇ?

ಮಸಾಲೆ ಪುಡಿ ತಯಾರಕರು, ದಾವಣಗೆರೆ: ಒಪ್ಪಂದ ಆಗಿಲ್ಲ. ಅವರ ಸಹಿಯಿರುವ ಬಿಲ್ಲಿನಲ್ಲಿ "ಚಿತ್ರ ಹಾಗೂ ಎಲ್ಲ ಹಕ್ಕು ಸೇರಿ" ಎಂದಿದೆ. ಅಜ್ಜಿಯದು ಜಲವರ್ಣ, ಮೂಲಪ್ರತಿ ನಮ್ಮಲ್ಲೇ ಇದೆ. ಅಕ್ಷರ, ಅಂಚು, ಬಣ್ಣದ ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿದರು.

ವಕೀಲರು: ನಿಮ್ಮ ಪ್ರಕರಣ ನನಗೆ ಚಿಂತೆ ತಂದಿರುವುದರಿಂದ ವಿವರವಾಗಿಯೇ ಬರೆಯುತ್ತೇನೆ. ನಕಲಾಗಿದೆ ಎಂದು ತೋರಿಸುವುದು ಇಲ್ಲಿ ಕಷ್ಟವಲ್ಲ, ಆ ಬೀಜಗಳೇ ಸಾಕು. ಕಷ್ಟವಿರುವುದು ಹಕ್ಕು ನಿಮ್ಮದೆಂದು ತೋರಿಸುವುದರಲ್ಲಿ. ಹಣ ಕೊಟ್ಟವರೇ ಒಡೆಯರು ಎಂಬ ನಂಬಿಕೆ ಉದ್ದಿಮೆದಾರರಲ್ಲಿ ಬೇರೂರಿದೆ, ಆದರೆ 17ನೇ ಸೆಕ್ಷನ್ ಪ್ರಕಾರ ರಚಿಸಿದವರೇ ಮೊದಲ ಒಡೆಯರು. ಸಂಬಳದ ನೌಕರರು ತಮ್ಮ ಕೆಲಸದ ಭಾಗವಾಗಿ ರಚಿಸಿದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕರಿಗೆ ಸೇರುತ್ತದೆ; ನಿಮ್ಮ ಕಲಾವಿದರು ನೌಕರರಲ್ಲ. ಹೊರಗಿನವರಿಂದ ಹಣ ಕೊಟ್ಟು ಮಾಡಿಸಿದ್ದರಲ್ಲಿ ಛಾಯಾಚಿತ್ರ, ವರ್ಣಚಿತ್ರ, ಭಾವಚಿತ್ರ, ಕೆತ್ತನೆ, ಚಲನಚಿತ್ರಗಳಿಗೆ ಮಾತ್ರ ಮಾಡಿಸಿದವರು ಮೊದಲ ಒಡೆಯರಾಗುತ್ತಾರೆ. ಹೀಗಾಗಿ ಜಲವರ್ಣದ ಅಜ್ಜಿ ನಿಮಗೆ ಸೇರಿದವಳೆಂದು ಗಟ್ಟಿಯಾಗಿ ವಾದಿಸಬಹುದು. ಕಂಪ್ಯೂಟರಿನ ವಿನ್ಯಾಸವೂ ಆ ಪಟ್ಟಿಯೊಳಗೆ ಬರುತ್ತದೆಂದು ಹೇಳಲು ನನಗೆ ಧೈರ್ಯ ಸಾಲದು. ಒಂದೇ ಪೊಟ್ಟಣದ ಎರಡು ಭಾಗಗಳಿಗೆ ಇಬ್ಬರು ಒಡೆಯರಿರಬಹುದಾದ ಸ್ಥಿತಿ ಇದು.

ಬಿಲ್ಲಿನ ಆ ಸಾಲು ನೆರವಿಗೆ ಬರಬಹುದಿತ್ತು, ಏಕೆಂದರೆ ಹಕ್ಕಿನ ಹಸ್ತಾಂತರಕ್ಕೆ 19ನೇ ಸೆಕ್ಷನ್ ಕೇಳುವ ಬರವಣಿಗೆ ಮತ್ತು ಸಹಿ ಅದರಲ್ಲಿವೆ. ಆದರೆ ಅವಧಿ ನಮೂದಿಸದ ಹಸ್ತಾಂತರವನ್ನು ಅದೇ ಸೆಕ್ಷನ್ 5 ವರ್ಷಕ್ಕೆ ಸೀಮಿತಗೊಳಿಸುತ್ತದೆ. 2018ರ ಬಿಲ್ಲಿನ ಬಲ 2023ಕ್ಕೇ ಮುಗಿದಿದೆ. ಆಮೇಲೆ ಕೊಟ್ಟಿದ್ದು ತಮ್ಮದನ್ನೇ ಎಂದು ಕಲಾವಿದರು ಖಂಡಿತ ಹೇಳುತ್ತಾರೆ.

ಇನ್ನು ಜೈಲಿನ ಮಾತು. ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದವರಿಗೆ 63ನೇ ಸೆಕ್ಷನ್ 6 ತಿಂಗಳಿಂದ 3 ವರ್ಷದವರೆಗಿನ ಸಜೆ ಹಾಗೂ 50,000ದಿಂದ 2 ಲಕ್ಷ ರೂಪಾಯಿವರೆಗಿನ ದಂಡವನ್ನು ಹೇಳುತ್ತದೆ; ಇದು ಜಾಮೀನುರಹಿತ ಅಪರಾಧವೆಂದು 2022ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಇಷ್ಟು ಕಠಿಣವಾದ ಕಾನೂನನ್ನು ಹಕ್ಕೇ ಅನುಮಾನದಲ್ಲಿರುವಾಗ ಎತ್ತಿಕೊಳ್ಳಬಾರದು. ಆಧಾರವಿಲ್ಲದೆ ಬೆದರಿಸಿದರೆ 60ನೇ ಸೆಕ್ಷನ್ ಪ್ರಕಾರ ಅವರೇ ನಿಮ್ಮ ಮೇಲೆ ದಾವೆ ಹೂಡಿ ನಷ್ಟಪರಿಹಾರ ಕೇಳಬಹುದು.

ಸದಸ್ಯರು, ಹಾಸನ: ಇಷ್ಟೆಲ್ಲ ಬೇಕಾಗಿಲ್ಲ. ಚಿತ್ರವನ್ನು ಲಕೋಟೆಯಲ್ಲಿಟ್ಟು ನಮ್ಮ ವಿಳಾಸಕ್ಕೇ ಅಂಚೆಯಲ್ಲಿ ಕಳುಹಿಸಿಕೊಂಡು, ಒಡೆಯದೆ ಇಟ್ಟುಕೊಂಡರೆ ಸಾಕು. ಬೇರೆಯವರ ಚಿತ್ರವನ್ನು ಶೇಕಡಾ 30ರಷ್ಟು ಬದಲಿಸಿದರೆ ಉಲ್ಲಂಘನೆಯೂ ಆಗುವುದಿಲ್ಲ. ನನಗೆ ಬಂದ ಸಂದೇಶವನ್ನು ಎಲ್ಲರ ಉಪಯೋಗಕ್ಕೆಂದು ಹಾಕಿದ್ದೇನೆ.

ವಕೀಲರು: ಎರಡೂ ತಪ್ಪು. ಶೇಕಡಾ 30 ಎಂಬ ಮಿತಿ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಎರಡನ್ನೂ ನೋಡಿದ ಸಾಮಾನ್ಯರಿಗೆ ಎರಡನೆಯದು ಮೊದಲನೆಯದರ ನಕಲೆಂದು ನಿಸ್ಸಂದೇಹವಾಗಿ ಅನ್ನಿಸುತ್ತದೆಯೇ ಎಂಬುದು 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಒರೆಗಲ್ಲು. ಅಂಚೆಯ ಮುದ್ರೆ ಹೆಚ್ಚೆಂದರೆ ಒಂದು ದಿನಾಂಕವನ್ನು ತೋರಿಸೀತು. ಬರೆದವರು ಯಾರು, ಹಕ್ಕು ಯಾರಿಂದ ಯಾರಿಗೆ ಹೋಯಿತು ಎಂಬುದನ್ನು ಹೇಳದು. ಈ ಸಂದೇಶವನ್ನು ನಂಬಿ ಬೇರೆಯವರ ಚಿತ್ರವನ್ನು ಅಚ್ಚು ಹಾಕಿಸಿ, ಕೊನೆಗೆ ಇಡೀ ದಾಸ್ತಾನನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡವರನ್ನು ಕಂಡಿದ್ದೇನೆ. ಅದನ್ನು ಅಳಿಸಿಬಿಡಿ.

ವಿನ್ಯಾಸಕರು, ಧಾರವಾಡ: ಕಲಾವಿದರನ್ನು ಕಳ್ಳರೆಂಬಂತೆ ಮಾತನಾಡುವುದು ಸರಿಯಲ್ಲ. ಎರಡು ಮೂರು ಸಾವಿರ ಕೊಟ್ಟು, ಹತ್ತು ಸಲ ತಿದ್ದಿಸಿ, ಜೀವನಪರ್ಯಂತ ಹಕ್ಕು ಬೇಕೆಂದರೆ ಹೇಗೆ?

ಮಸಾಲೆ ಪುಡಿ ತಯಾರಕರು, ದಾವಣಗೆರೆ: ನೀವು ಕೇಳಿದಷ್ಟು ಕೊಟ್ಟಮೇಲೂ ಅದನ್ನೇ ನಮ್ಮ ಎದುರಾಳಿಗೆ ಮಾರುವುದಕ್ಕೆ ಏನೆನ್ನಬೇಕು?

ಛಾಯಾಗ್ರಾಹಕರು, ಶಿವಮೊಗ್ಗ: ಧಾರವಾಡದವರು ಹೇಳಿದ್ದು ಸರಿ. ನಾನು ತೆಗೆದ ಫೋಟೊ ಎಂದೆಂದಿಗೂ ನನ್ನದೇ.

ವಕೀಲರು: ಅಲ್ಲ. ಗ್ರಾಹಕರು ಹಣ ಕೊಟ್ಟು ತೆಗೆಸಿದ ಫೋಟೊ, ಬೇರೆ ಒಪ್ಪಂದವಿಲ್ಲದಿದ್ದರೆ, ಅವರದೇ. ನಿಮ್ಮಲ್ಲೇ ಉಳಿಯಬೇಕಿದ್ದರೆ ಮೊದಲೇ ಬರೆಸಿಕೊಳ್ಳಿ.

ಛಾಯಾಗ್ರಾಹಕರು, ಶಿವಮೊಗ್ಗ: ಇದು ಅನ್ಯಾಯದ ಕಾನೂನು. ನಿಮಗೆ ನಮ್ಮ ವೃತ್ತಿಯ ಕಷ್ಟ ಗೊತ್ತಿಲ್ಲ.

ಬೇಕರಿ ಮಾಲೀಕರು, ತುಮಕೂರು: ಕಾನೂನು ಕೇಳಿದ್ದಕ್ಕೆ ಅವರು ಹೇಳಿದರು. ಅವರ ಮೇಲೆ ಸಿಟ್ಟು ಏಕೆ?

ನಿರ್ವಾಹಕರು: ಈ ವಾದವನ್ನು ಇಲ್ಲಿಗೆ ನಿಲ್ಲಿಸಬೇಕು. ಇನ್ನು ಮುಂದೆ ಪ್ರಶ್ನೆಗಳು ಮಾತ್ರ.

ಉಪ್ಪಿನಕಾಯಿ ತಯಾರಕರು, ಕೋಲಾರ: ನೋಂದಣಿ ಕಡ್ಡಾಯವೇ?

ವಕೀಲರು: ಅಲ್ಲ. ಮೊದಲ ಉತ್ತರವನ್ನು ಓದಿ.

ಸೀರೆ ವ್ಯಾಪಾರಿ, ಮಂಗಳೂರು: ನಮ್ಮ ಅಂಗಡಿಯವರೇ ತೆಗೆದ ಸೀರೆಯ ಫೋಟೊಗಳನ್ನು ಯಾರೋ ತಮ್ಮ ಆನ್‌ಲೈನ್ ಮಳಿಗೆಯಲ್ಲಿ ಹಾಕಿಕೊಂಡಿದ್ದಾರೆ.

ವಕೀಲರು: ಅವು ನಿಮ್ಮವೆಂಬುದರ ವಿವರ ಮತ್ತು ಪ್ರತಿ ಫೋಟೊದ ಕೊಂಡಿಯೊಂದಿಗೆ ಆ ಜಾಲತಾಣದವರಿಗೆ ಲಿಖಿತ ದೂರು ಕೊಡಿ. 2013ರ ಹಕ್ಕುಸ್ವಾಮ್ಯ ನಿಯಮಾವಳಿಯ 75ನೇ ನಿಯಮದಂತೆ, ದೂರಿನಲ್ಲಿ ಹುರುಳಿದ್ದರೆ ಅವರು 36 ಗಂಟೆಯೊಳಗೆ ಕ್ರಮ ಕೈಗೊಂಡು 21 ದಿನ ತಡೆಹಿಡಿಯಬೇಕು. ಅಷ್ಟರಲ್ಲಿ ನೀವು ಕೋರ್ಟಿನ ಆದೇಶ ತಾರದಿದ್ದರೆ ಫೋಟೊಗಳು ಮತ್ತೆ ಕಾಣಿಸಿಕೊಳ್ಳಬಹುದು. ಆ ಪುಟಗಳ ಪ್ರತಿಯನ್ನು ಇಂದೇ ತೆಗೆದಿಟ್ಟುಕೊಳ್ಳಿ.

ಹೋಟೆಲ್ ಮಾಲೀಕರು, ಮೈಸೂರು: ನನ್ನ ಪ್ರಶ್ನೆಯನ್ನು ಯಾರೂ ನೋಡಿದಂತಿಲ್ಲ.

ಸದಸ್ಯರು, ಹಾಸನ: ಮದುವೆಯಲ್ಲಿ ಹಾಡು ಹಾಕಲು ಪರವಾನಗಿ ಬೇಡ ಎಂದು ಓದಿದ್ದೇನೆ. ಹೋಟೆಲಿಗೂ ಬೇಡ.

ವಕೀಲರು: ಮದುವೆಯ ವಿನಾಯಿತಿಯನ್ನು ಹೋಟೆಲಿಗೆ ಅಂಟಿಸಬೇಡಿ. ಊಹೆಯಿಂದ ಉತ್ತರಿಸುವವರಿದ್ದರೆ ನಾನು ಇಲ್ಲಿ ಬರೆಯುವುದರಲ್ಲಿ ಅರ್ಥವಿಲ್ಲ.

ಮಸಾಲೆ ಪುಡಿ ತಯಾರಕರು, ದಾವಣಗೆರೆ: ಹಾಗಾದರೆ ನಾವು ಕೈಕಟ್ಟಿ ಕುಳಿತುಕೊಳ್ಳಬೇಕೇ?

ವಕೀಲರು: ಖಂಡಿತ ಇಲ್ಲ. ಮೊದಲು ಕಲಾವಿದರೊಡನೆ ಕುಳಿತು ಮಾತನಾಡಿ. ಅವರು ಇಡೀ ವಿನ್ಯಾಸವನ್ನು ಎದುರಾಳಿಗೆ ಬರೆದುಕೊಟ್ಟಿಲ್ಲದಿದ್ದರೆ, ಕೃತಿ, ಅವಧಿ, ಪ್ರದೇಶ, ಸಂಭಾವನೆ ನಾಲ್ಕನ್ನೂ ನಮೂದಿಸಿ ಹೊಸ ಹಸ್ತಾಂತರ ಪತ್ರ ಮಾಡಿಸಿಕೊಳ್ಳಿ. ಅವರು ಒಪ್ಪದಿದ್ದರೂ ದಾರಿಯಿದೆ. ಅಷ್ಟು ವರ್ಷಗಳಿಂದ ಗ್ರಾಹಕರು ಆ ಪೊಟ್ಟಣವನ್ನು ನಿಮ್ಮದೆಂದೇ ಗುರುತಿಸುತ್ತಿದ್ದರೆ, ತಮ್ಮ ಸರಕನ್ನು ನಿಮ್ಮದೆಂಬಂತೆ ಸಾಗಹಾಕುತ್ತಿದ್ದಾರೆಂದು ಎದುರಾಳಿಯ ಮೇಲೆ ದಾವೆ ಹೂಡಿ ತಡೆಯಾಜ್ಞೆ ಕೇಳಬಹುದು. ಅದಕ್ಕೆ ಚಿತ್ರದ ಹಕ್ಕುಸ್ವಾಮ್ಯ ನಿಮ್ಮದಾಗಿರಬೇಕೆಂದಿಲ್ಲ, ಟ್ರೇಡ್‌ಮಾರ್ಕ್ ನೋಂದಣಿಯೂ ಬೇಕಿಲ್ಲ. 2018ರಿಂದ ಇಲ್ಲಿಯವರೆಗಿನ ಮಾರಾಟದ ಬಿಲ್ಲುಗಳು, ಜಾಹೀರಾತುಗಳು, ಅಚ್ಚಿನವರ ರಸೀದಿಗಳು, ಎರಡೂ ಪೊಟ್ಟಣಗಳನ್ನು ಒಟ್ಟುಮಾಡಿಕೊಂಡು ಸೋಮವಾರ ಠಾಣೆಯ ಬದಲು ನಿಮ್ಮ ವಕೀಲರ ಕಚೇರಿಗೆ ಹೋಗಿ. ಆ ಜಲವರ್ಣದ ಮೂಲಪ್ರತಿಯನ್ನು ಮಾತ್ರ ಯಾರ ಕೈಗೂ ಕೊಡಬೇಡಿ.