ಪದಚರ್ಚೆ: ಇಂಜೆಕ್ಷನ್ ತೆಗೆದುಕೊಂಡವರಿಗೆ ‘ಮುಟ್ಟು ನಿಲ್ಲುತ್ತದೆ’ ಎಂದು ಬರೆಯಬಹುದೇ?

ಗೆಳೆಯರಿಗೆ ನಮಸ್ಕಾರ.

ಹೆಂಗಸರಿಗೆ ಸಿಗುವ ಗರ್ಭನಿರೋಧಕಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಒಂದು ಕರಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆರೋಗ್ಯ ಕೇಂದ್ರಕ್ಕೆ ಬರುವ ಹೆಂಗಸರೂ ಆಶಾ ಕಾರ್ಯಕರ್ತೆಯರೂ ಓದಿ ಅರ್ಥ ಮಾಡಿಕೊಳ್ಳುವ ಹಾಗಿರಬೇಕು. ಔಷಧದ ಹೆಸರುಗಳು ತೊಂದರೆ ಕೊಡಲಿಲ್ಲ. ಮಾಲಾ-ಎನ್, ಛಾಯಾ, ಅಂತರ ಎಲ್ಲವೂ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿಬರುವ ಹೆಸರುಗಳೇ. ನಾನು ಸಿಕ್ಕಿಹಾಕಿಕೊಂಡಿರುವುದು ‘ಮುಟ್ಟು ನಿಲ್ಲುವುದು’ ಎಂಬ ಮಾತಿನಲ್ಲಿ.

ಅಂತರ ಎಂಬುದು 3 ತಿಂಗಳಿಗೊಮ್ಮೆ ಕೊಡುವ ಹಾರ್ಮೋನ್ ಇಂಜೆಕ್ಷನ್. 2017ರಲ್ಲಿ ಸರ್ಕಾರದ ಕುಟುಂಬ ಯೋಜನೆಗೆ ಸೇರಿತು. ಇದನ್ನು ತೆಗೆದುಕೊಂಡ ಮೊದಲ ತಿಂಗಳುಗಳಲ್ಲಿ ಮುಟ್ಟು ಹೇಗೆಂದರೆ ಹಾಗೆ ಬರಬಹುದು. ಕೆಲವು ದಿನ ಬರೀ ಕಲೆ ಕಾಣಿಸಬಹುದು. ಒಂದು ವರ್ಷ ಬಿಡದೆ ತೆಗೆದುಕೊಂಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಮುಟ್ಟು ಬರುವುದೇ ಇಲ್ಲ. ಈ ಔಷಧದ ಮಟ್ಟಿಗೆ ಇದು ಕಾಯಿಲೆಯಲ್ಲ. ಗರ್ಭಕೋಶದ ಒಳಪದರ ದಪ್ಪವಾಗುವುದೇ ಇಲ್ಲ, ಹಾಗಾಗಿ ಹೊರಗೆ ಬರಬೇಕಾದದ್ದು ಏನೂ ಇರುವುದಿಲ್ಲ. ‘ಕೆಟ್ಟ ರಕ್ತ ಒಳಗೇ ಕಟ್ಟಿಕೊಳ್ಳುತ್ತದೆ’ ಎಂಬ ಹೆದರಿಕೆ ನಮ್ಮಲ್ಲಿ ತುಂಬ ಇದೆ. ಎರಡನೇ ಇಂಜೆಕ್ಷನ್‌ಗೆ ಬರದೆ ಬಿಟ್ಟುಬಿಡುವವರಲ್ಲಿ ಎಷ್ಟೋ ಜನ ಮುಟ್ಟು ಏರುಪೇರಾದದ್ದಕ್ಕೇ ಬಿಡುತ್ತಾರೆ.

ಈಗ ಇದನ್ನು ಕನ್ನಡದಲ್ಲಿ ಹೇಳಿ ನೋಡಿ. ‘ಅಂತರ ತೆಗೆದುಕೊಂಡರೆ ಮುಟ್ಟು ನಿಲ್ಲಬಹುದು.’ ವಾಕ್ಯ ಸರಿಯಾಗಿಯೇ ಇದೆ. ಆದರೆ ‘ಮುಟ್ಟು ನಿಂತಿದೆ’ ಎಂದರೆ ನಮ್ಮ ಮನೆಗಳಲ್ಲಿ ಏನರ್ಥ? ಮದುವೆಯಾದ ಹುಡುಗಿಯ ಬಗ್ಗೆ ಹೇಳಿದರೆ ಬಸುರಿ ಎಂದು. ಐವತ್ತರ ಹತ್ತಿರದವರ ಬಗ್ಗೆ ಹೇಳಿದರೆ ಇನ್ನು ಮಕ್ಕಳಾಗುವ ಕಾಲ ಮುಗಿಯಿತು ಎಂದು. ಬಸಿರು ಬೇಡ ಎಂದು ಇಂಜೆಕ್ಷನ್ ತೆಗೆದುಕೊಂಡವಳಿಗೆ ಮೊದಲ ಅರ್ಥ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಇನ್ನೊಂದು ಮಗು ಆಮೇಲೆ ಬೇಕು ಎಂದುಕೊಂಡವಳಿಗೆ ಎರಡನೆಯ ಅರ್ಥ ಇನ್ನೂ ಕೆಟ್ಟದ್ದು. ನಾವು ಹೇಳಬೇಕಾದ ಮೂರನೆಯ ಅರ್ಥಕ್ಕೆ ಆಡುಮಾತಿನಲ್ಲಿ ಜಾಗವೇ ಇಲ್ಲ. ಹಾರ್ಮೋನ್ ಔಷಧ ಬರುವ ಮುಂಚೆ ಅಂಥ ಸ್ಥಿತಿಗೆ ಬೇರೆ ಮಾತು ಬೇಕಾಗಿಯೂ ಇರಲಿಲ್ಲ, ಅಲ್ವಾ?

ಸುಮ್ನೆ ಒಂದು ಮಾತಿಗೆ ಇಷ್ಟು ಯೋಚನೆ ಯಾಕೆ ಎನ್ನಬೇಡಿ. ಬೇರೆ ಬೇರೆ ವಿಧಾನಗಳನ್ನು ಪಕ್ಕಪಕ್ಕ ಇಟ್ಟಾಗ ಇದೇ ಮಾತು ಒಂದು ಕಡೆ ಎಚ್ಚರಿಕೆ, ಇನ್ನೊಂದು ಕಡೆ ಸಮಾಧಾನ ಆಗುತ್ತದೆ.

ಮಾಲಾ-ಎನ್ ನೋಡಿ. ಒಂದು ಹಾಳೆಯಲ್ಲಿ 28 ಮಾತ್ರೆ. 21ರಲ್ಲಿ ಎರಡು ಬಗೆಯ ಹಾರ್ಮೋನ್ ಇದೆ, ಉಳಿದ 7 ಬರೀ ಕಬ್ಬಿಣದ ಮಾತ್ರೆ. ಆ ಕಬ್ಬಿಣದ ವಾರದಲ್ಲಿ ರಕ್ತ ಹೋಗುತ್ತದೆ. ಹಾರ್ಮೋನ್ ಕೈಬಿಟ್ಟಿದ್ದಕ್ಕೆ ಒಳಪದರ ಕಳಚಿ ಬರುವುದು ಅದು. ತೆಗೆದುಕೊಳ್ಳುವವರು ಅದನ್ನೂ ಮುಟ್ಟು ಎಂದೇ ಕರೆಯುತ್ತಾರೆ, ನಾನೂ ಹಾಗೆಯೇ ಬರೆದಿದ್ದೇನೆ. ನಡುವೆ ಮಾತ್ರೆ ತಪ್ಪಿಸಿ, ಆ ವಾರವೂ ಮುಟ್ಟು ಬರದಿದ್ದರೆ ಬಸಿರಿನ ಪರೀಕ್ಷೆ ಮಾಡಿಸಲೇಬೇಕು. ಇಲ್ಲಿ ‘ಮುಟ್ಟು ನಿಂತರೆ’ ಎಂಬುದು ಎಚ್ಚರಿಕೆ. ಛಾಯಾ ಕೂಡ ಮಾತ್ರೆಯೇ, ಆದರೆ ಅದರಲ್ಲಿ ಹಾರ್ಮೋನ್ ಇಲ್ಲ. ಲಕ್ನೋದ ಕೇಂದ್ರ ಔಷಧ ಸಂಶೋಧನಾ ಸಂಸ್ಥೆಯಲ್ಲಿ ತಯಾರಾದ ಔಷಧ ಅದು. ಮೊದಲ 3 ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಕೆಲವರಿಗೆ ಮುಟ್ಟು ತಡವಾಗಿ ಬರುತ್ತದೆ. ತೀರಾ ತಡವಾದರೆ ಅಲ್ಲಿಯೂ ಪರೀಕ್ಷೆ ಬೇಕು. ಅಂತರದ ಮಾತೇ ಬೇರೆ. ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದರೆ ಮುಟ್ಟು ಬರದಿರುವುದು ನಿರೀಕ್ಷೆಯಂತೆಯೇ. ಮೂರಕ್ಕೂ ‘ಮುಟ್ಟು ನಿಲ್ಲಬಹುದು’ ಎಂದೇ ಬರೆದರೆ, ಯಾವುದಕ್ಕೆ ಓಡಬೇಕು, ಯಾವುದಕ್ಕೆ ನೆಮ್ಮದಿಯಾಗಿರಬೇಕು ಎಂದು ಓದುವವರಿಗೆ ಗೊತ್ತಾಗುವುದು ಹೇಗೆ?

ಪಠ್ಯಪುಸ್ತಕದ ‘ಅನಾರ್ತವ’ ಆಗುವುದಿಲ್ಲ. ಅದನ್ನು ಬರೆದರೆ ಕೆಳಗೆ ಅರ್ಥವನ್ನೂ ಬರೆಯಬೇಕು, ಆ ಅರ್ಥದಲ್ಲಿ ಮತ್ತೆ ‘ನಿಲ್ಲುವುದು’ ಬಂದುಬಿಡುತ್ತದೆ. ‘ಮುಟ್ಟು ಬರದಿರುವುದು’ ಎಂಬುದು ಪರವಾಗಿಲ್ಲ. ಆದರೆ ‘ಈ ತಿಂಗಳು ಮುಟ್ಟು ಬಂದಿಲ್ಲ’ ಎಂದರೂ ಬಸಿರಿನ ಅನುಮಾನವೇ ಮೊದಲು ಬರುತ್ತದೆ. ನನಗೆ ಹೊಳೆದದ್ದು ‘ಮುಟ್ಟಿಗೆ ಬಿಡುವು’. ‘ಇಂಜೆಕ್ಷನ್ ಇರುವಷ್ಟು ಕಾಲ ಮುಟ್ಟಿಗೆ ಬಿಡುವು ಸಿಗಬಹುದು. ಇಂಜೆಕ್ಷನ್ ಬಿಟ್ಟ ಮೇಲೆ ಮತ್ತೆ ಬರುತ್ತದೆ.’ ಬಿಡುವು ಎಂದ ಕೂಡಲೇ ಅದು ಸ್ವಲ್ಪ ಕಾಲದ್ದು, ಮುಗಿಯುವಂಥದ್ದು ಎಂದು ತಿಳಿಯುತ್ತದೆ. ಕಾಯಿಲೆಯ ವಾಸನೆ ಇಲ್ಲ. ಮಾತು ಹಳೆಯದು, ಮನೆಯದು.

ಒಂದು ತೊಡಕೂ ಇದೆ. ಬಿಡುವು ಮುಗಿದ ಮಾರನೆ ದಿನವೇ ಕೆಲಸ ಶುರು ಎಂಬ ಹಾಗೆ ಕೇಳಬಹುದು. ಅಂತರ ಹಾಗಲ್ಲ. ಕೊನೆಯ ಇಂಜೆಕ್ಷನ್ ಆದ ಮೇಲೆ ಮತ್ತೆ ಬಸಿರಾಗಲು ಸಾಮಾನ್ಯವಾಗಿ 7ರಿಂದ 10 ತಿಂಗಳು ಹಿಡಿಯುತ್ತದೆ. ಮಾತ್ರೆ ಬಿಟ್ಟರೆ ಇಷ್ಟು ತಡವಾಗುವುದಿಲ್ಲ. ಬೇಗ ಇನ್ನೊಂದು ಮಗು ಬೇಕೆನ್ನುವವರು ಆಯ್ಕೆ ಮಾಡುವಾಗ ಮೊದಲು ತಿಳಿಯಬೇಕಾದ್ದು ಇದೇ. ಹಾಗಾಗಿ ಈ ತಿಂಗಳುಗಳ ಲೆಕ್ಕವನ್ನು ಅದೇ ಸಾಲಿನಲ್ಲಿ ಬರೆಯುತ್ತೇನೆ. ಮಾತು ಒಂದೇ ಎಲ್ಲವನ್ನೂ ಹೊರಲಿ ಎಂದು ನಾನು ಕೇಳುತ್ತಿಲ್ಲ. ದಾರಿ ತಪ್ಪಿಸದಿದ್ದರೆ ಸಾಕು.

ಎರಡನೆಯ ಪ್ರಶ್ನೆ ‘ವಂಕಿ’ಯದು. ಆರೋಗ್ಯ ಇಲಾಖೆಯ ಕನ್ನಡದಲ್ಲಿ ಕಾಪರ್-ಟಿಗೆ ವಂಕಿ ಎನ್ನುತ್ತಾರೆ. ಒಳ್ಳೆಯ ಪದ, ಬೇರೂರಿದೆ. ಆದರೆ ಈಗ ತಾಮ್ರದ ಬದಲು ಹಾರ್ಮೋನ್ ಇರುವ ವಂಕಿಯೂ ಇದೆ. ಮಿರೆನಾ ಎಂಬ ಹೆಸರಿನಲ್ಲಿ ಖಾಸಗಿ ಆಸ್ಪತ್ರೆಗಳಲ್ಲಿ ಹಾಕುತ್ತಾರೆ. ನೋಡಲು ಎರಡೂ ಒಂದೇ ಥರ, ಮುಟ್ಟಿನ ವಿಷಯದಲ್ಲಿ ಮಾತ್ರ ಪೂರ್ತಿ ಉಲ್ಟಾ. ತಾಮ್ರದ ವಂಕಿ ಹಾಕಿಸಿಕೊಂಡರೆ ರಕ್ತ ಹೋಗುವುದು, ಹೊಟ್ಟೆನೋವು ಜಾಸ್ತಿ ಆಗಬಹುದು, ಅದರಲ್ಲೂ ಮೊದಲ ತಿಂಗಳುಗಳಲ್ಲಿ. ಹಾರ್ಮೋನ್ ವಂಕಿಯಲ್ಲಿ ರಕ್ತ ಕಡಿಮೆಯಾಗುತ್ತದೆ. ಅತಿಯಾಗಿ ಮುಟ್ಟು ಹೋಗುವವರಿಗೆ ಚಿಕಿತ್ಸೆಗೂ ಅದನ್ನೇ ಹಾಕುವುದುಂಟು. ರಕ್ತ ಕಡಿಮೆ ಇರುವ ಹೆಂಗಸಿಗೆ ‘ವಂಕಿ ಹಾಕಿಸಿಕೊಳ್ಳಿ’ ಎಂದಷ್ಟೇ ಹೇಳಿದರೆ ಯಾವುದೆಂದು ತಿಳಿಯಬೇಕು? ‘ತಾಮ್ರದ ವಂಕಿ’, ‘ಹಾರ್ಮೋನ್ ವಂಕಿ’ ಎಂದು ಬಿಡಿಸಿ ಬರೆಯುವುದು ನನ್ನ ತೀರ್ಮಾನ. ತೋಳಿನ ಚರ್ಮದ ಕೆಳಗೆ ಇಡುವ, ಬೆಂಕಿಕಡ್ಡಿಯಷ್ಟು ಉದ್ದದ, 3 ವರ್ಷ ಕೆಲಸ ಮಾಡುವ ಇಂಪ್ಲಾಂಟ್‌ಗೆ ‘ತೋಳಿನ ಕಡ್ಡಿ’ ಎಂದಿದ್ದೇನೆ. ಇದಕ್ಕಿಂತ ಒಳ್ಳೆಯದು ಇದ್ದರೆ ಹೇಳಿ.

‘ಹಾರ್ಮೋನ್’ ಅನ್ನು ಹಾಗೇ ಬಿಟ್ಟಿದ್ದೇನೆ. ರಸದೂತ, ಚೋದಕ ಎರಡೂ ಪುಸ್ತಕದಲ್ಲೇ ಉಳಿದವು. ಥೈರಾಯ್ಡ್ ಮಾತ್ರೆ ತಿನ್ನುವವರಿಗೆಲ್ಲ ಹಾರ್ಮೋನ್ ಗೊತ್ತು.

‘ಮಾತ್ರೆ’ ಎಂಬ ಒಂಟಿ ಪದವನ್ನು ಮಾತ್ರ ಕರಪತ್ರದಲ್ಲಿ ಎಲ್ಲಿಯೂ ಬಳಸಿಲ್ಲ. ದಿನದ ಮಾತ್ರೆ, ವಾರದ ಮಾತ್ರೆ, ತುರ್ತು ಮಾತ್ರೆ ಎಂದು ಬೇರೆ ಬೇರೆ ಮಾಡಿದ್ದೇನೆ. ತುರ್ತು ಮಾತ್ರೆಯನ್ನು 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಬೇಗ, ತೆಗೆದುಕೊಳ್ಳಬೇಕು. ಈಗಾಗಲೇ ನಿಂತ ಬಸಿರನ್ನು ಅದು ತೆಗೆಯುವುದಿಲ್ಲ. ಗರ್ಭಪಾತದ ಮಾತ್ರೆ ಬೇರೆಯೇ ಔಷಧ, ವೈದ್ಯರ ಕೈಯಿಂದಲೇ ಬರಬೇಕಾದ್ದು. ಹಾಗೆಯೇ 35 ದಾಟಿ ಸಿಗರೇಟು ಸೇದುವವರು, ಬಿಪಿ ಇರುವವರು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಮಗುವಿಗೆ ಇನ್ನೂ 6 ತಿಂಗಳಾಗದೆ ಹಾಲು ಕೊಡುತ್ತಿರುವವರು ಮಾಲಾ-ಎನ್‌ನಂಥ ದಿನದ ಮಾತ್ರೆ ಬಿಟ್ಟು ಬೇರೆಯದನ್ನು ವೈದ್ಯರ ಹತ್ತಿರ ಕೇಳಬೇಕು. ಬರೀ ‘ಮಾತ್ರೆ ಬೇಡ’ ಎಂದು ಬರೆದರೆ ಛಾಯಾವನ್ನೂ ಬಿಟ್ಟುಬಿಡುತ್ತಾರೆ, ಅದು ಅವರಲ್ಲಿ ಹಲವರಿಗೆ ಆಗುವಂಥದ್ದು.

ಹಳೆಯ ಕಾಗದ ನೋಡುವವರಿಗೆ ಒಂದು ಕೋರಿಕೆ. ಮೈಸೂರು ಸರ್ಕಾರ 1930ರಲ್ಲೇ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆಜ್ಞೆ ಮಾಡಿತ್ತು. ಆ ಕಾಲದ ಕನ್ನಡ ಪ್ರಕಟಣೆ, ಪತ್ರಿಕೆಗಳಲ್ಲಿ ಈ ವಿಷಯಕ್ಕೆ ಯಾವ ಪದ ಬಳಸಿದ್ದಾರೆ ಎಂದು ಕಂಡವರಿದ್ದರೆ ದಯವಿಟ್ಟು ಬರೆಯಿರಿ.

ಮುಖ್ಯವಾಗಿ ಬೇಕಿರುವುದು ನಿಮ್ಮ ಊರಿನ ಮಾತು. ಹೊರಗಾಗುವುದು, ಕಡೆಗಾಗುವುದು, ಕಾಗೆ ಮುಟ್ಟುವುದು ಎಂದೆಲ್ಲ ಬೇರೆ ಬೇರೆ ಕಡೆ ಹೇಳುತ್ತಾರೆ. ಮಗುವಿಗೆ ಹಾಲು ಕೊಡುವ ತಿಂಗಳುಗಳಲ್ಲಿ ಮುಟ್ಟು ಬಾರದೇ ಇರುತ್ತದಲ್ಲ, ಅದಕ್ಕೆ ನಿಮ್ಮ ಅಮ್ಮ, ಅಜ್ಜಿ, ಅತ್ತೆ ಏನೆನ್ನುತ್ತಿದ್ದರು? ಅದೂ ಬಸಿರಲ್ಲ, ವಯಸ್ಸಾದದ್ದೂ ಅಲ್ಲ, ಸ್ವಲ್ಪ ಕಾಲದ್ದು. ಅದಕ್ಕೊಂದು ಮಾತು ಯಾವುದಾದರೂ ಊರಿನಲ್ಲಿ ಇದ್ದರೆ, ನನ್ನ ‘ಬಿಡುವು’ ತೆಗೆದು ಅದನ್ನೇ ಹಾಕುತ್ತೇನೆ.